ಕರಿದ ಎಣ್ಣೆಯ ಸವಾರಿ

ಜಾಕಿರನ ಲಗೇಜ್ ಆಟೋ ಬಿಡುವ ಹೊಗೆಯಲ್ಲಿ ಮೆಣಸಿನಕಾಯಿ ಬಜ್ಜಿಯ ವಾಸನೆ ಬರದಿದ್ದರೆ ಆ ದಿನ ಚಳ್ಳಕೆರೆಯಲ್ಲಿ ಯಾವ ರಗಳೆಯೂ ಆಗುತ್ತಿರಲಿಲ್ಲ.

ಅದು ೨೦೦೮ನೇ ಇಸವಿ. ಡೀಸೆಲ್ ದರ ಏರಿ ಏರಿ ಜಾಕಿರನ ಬಾಡಿಗೆಯನ್ನೆಲ್ಲ ನುಂಗುತ್ತಿತ್ತು. ಕರಿದ ಎಣ್ಣೆಯಲ್ಲೂ ಇಂಜಿನ್ ಓಡುತ್ತದೆಂದು ಪೇಪರಿನಲ್ಲಿ ಓದಿದವನೇ, ಬಸ್ ಸ್ಟ್ಯಾಂಡಿನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಪಾಲಣ್ಣನಿಂದ ಕಪ್ಪಾದ ಎಣ್ಣೆಯನ್ನು ಪುಕ್ಕಟೆ ತಂದು, ಹೆಂಡತಿಯ ಹಳೇ ದುಪಟ್ಟಾದಲ್ಲಿ ಸೋಸಿ ಟ್ಯಾಂಕಿಗೆ ಸುರಿಯತೊಡಗಿದ. "ಮನೆ ಬಾಗ್ಲು ಕಿರ್ರ್ ಅಂತೈತೆ, ಹಚ್ಚೋಕೆ" ಎಂದು ಪಾಲಣ್ಣನಿಗೆ ಹೇಳಿದ್ದ. ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ಬಾಗಿಲು ಎಂಥದ್ದೆಂದು ಪಾಲಣ್ಣ ಕೇಳಿರಲಿಲ್ಲ, ಚರಂಡಿಗೆ ಚೆಲ್ಲುವ ಕೆಲಸ ತಪ್ಪಿತೆಂದು ಅವನಿಗೂ ಖುಷಿ. ಗುಟ್ಟು ರಟ್ಟಾದರೆ ಪುಕ್ಕಟೆ ಎಣ್ಣೆಗೆ ಎಳ್ಳುನೀರು ಎಂಬುದು ಜಾಕಿರನಿಗೆ ಚೆನ್ನಾಗಿ ಗೊತ್ತಿತ್ತು.

ಆವತ್ತು ಪರಶುರಾಂಪುರದಿಂದ ಈರುಳ್ಳಿ ಹೇರಿಕೊಂಡು ಮಂಡಿಗೆ ಬಂದ. ಆಟೋ ನಿಲ್ಲಿಸುತ್ತಲೇ ಮಂಡಿ ಮಾಲೀಕ ನಾಗೇಂದ್ರಪ್ಪ ಮೂಗರಳಿಸಿಕೊಂಡು ಬಂದರು.

"ಲೇ ಜಾಕಿರ್, ಬಜ್ಜಿ ಎಲ್ಲಿ ಇಟ್ಟೀಯಲೇ? ತೆಗಿ, ನನಗೂ ಎರಡು ಕೊಡು."

"ಈರುಳ್ಳಿ ಬಿಟ್ರೆ ಏನೂ ಇಲ್ರಿ."

ನಾಗೇಂದ್ರಪ್ಪ ನಂಬಲಿಲ್ಲ. ಹಮಾಲರು ಮೂಟೆ ಎತ್ತಿ ಎತ್ತಿ ಹುಡುಕಿದರು. ಪಕ್ಕದ ಗ್ಯಾರೇಜಿನ ಜಿಲಾನ್ ಬಾಷಾ ಬಂದು, ಬಗ್ಗಿ ಸೈಲೆನ್ಸರ್ ಮೂಸಿದರು.

"ಅರೇ! ಇವ್ನು ಟ್ಯಾಂಕಿಗೇ ಬಜ್ಜಿ ಎಣ್ಣೆ ಹಾಕ್ಯಾನೆ!"

"ಚಾಚಾ, ಮೆಲ್ಲಗೆ ಮಾತಾಡ್ರಿ" ಎಂದು ಜಾಕಿರ್ ಕೈಮುಗಿದ. ಚಾಚಾ ಮೆಲ್ಲಗೆ ಮಾತಾಡಿದರೆ ಮೊಳಕಾಲ್ಮೂರಿಗೆ ಕೇಳುತ್ತದೆ.

"ಹಸಿ ಎಣ್ಣೆ ಹಾಕ್‌ಬ್ಯಾಡ್ರಪ್ಪೋ, ಇಂಜಿನ್‌ಗೆ ಅಜೀರ್ಣ ಆಗ್ತೈತೆ. ಕಾದು ಕಪ್ಪಾಗಿದ್ದೇ ಆಗ್ಬೇಕು!" ಎಂದು ಸುತ್ತಲಿದ್ದ ಡ್ರೈವರುಗಳಿಗೆಲ್ಲ ಪುಕ್ಕಟೆ ಸಲಹೆಯನ್ನೂ ಕೊಟ್ಟರು.

ಲೋಡ್ ಇಳಿಸಿ ಜಾಕಿರ್ ಓಡಿ ಬರುವಷ್ಟರಲ್ಲಿ ಪಾಲಣ್ಣನ ಅಂಗಡಿ ಮುಂದೆ ಹನ್ನೊಂದು ಮಂದಿ ಡ್ರೈವರುಗಳು ಕ್ಯಾನು ಹಿಡಿದು ನಿಂತಿದ್ದರು. ಒಬ್ಬ ಹತ್ತು ರೂಪಾಯಿ ಅಂದರೆ ಇನ್ನೊಬ್ಬ ಇಪ್ಪತ್ತು ಅಂದ. ಜಾಕಿರನ ಸರದಿ ಬರುವ ಹೊತ್ತಿಗೆ ಕರಿದ ಎಣ್ಣೆಯ ದರ ಡೀಸೆಲ್ಲನ್ನೇ ಹಿಂದೆ ಹಾಕಿತ್ತು.

"ಪಾಲಣ್ಣ, ನಾನು ಹಳೇ ಗಿರಾಕಿ ಕಣಣ್ಣ!"

"ನಿಮ್ಮನೆ ಬಾಗ್ಲಿಗೆ ಇಷ್ಟೊತ್ತಿಗೆ ಎಣ್ಣೆ ಸಾಕಾಗಿರ್ಬೇಕು ಬಿಡಪ್ಪ."

ಜಾಕಿರನಿಗೆ ನಗು ಬಂತು. ತಿಂಗಳುಗಟ್ಟಲೆ ಬಿಟ್ಟಿ ಓಡಿಸಿದ್ದಾಯಿತು, ಇನ್ನೆಷ್ಟು ದಿನ ನಡೆದೀತು ಎಂದುಕೊಂಡು ಬಂಕಿನಲ್ಲಿ ಡೀಸೆಲ್ ಹಾಕಿಸಿದ. ಸಂಜೆ ಹೊಟ್ಟೆ ಹಸಿಯಿತು. ಎಣ್ಣೆ ಹೋದರೂ ಬಜ್ಜಿ ಎಲ್ಲಿಗೂ ಹೋಗಿಲ್ಲವಲ್ಲ ಎಂದು ಮತ್ತೆ ಅದೇ ಅಂಗಡಿಗೆ ಬಂದ.

ಬಾಣಲೆ ತುಂಬ ಎಣ್ಣೆ ಕುದಿಯುತ್ತಿತ್ತು. ಹಿಟ್ಟಿನ ಪಾತ್ರೆ ಮಾತ್ರ ತೊಳೆದು ಬೋರಲು ಹಾಕಿತ್ತು.

"ಒಂದು ಪ್ಲೇಟ್ ಮೆಣಸಿನಕಾಯಿ ಕೊಡಣ್ಣ."

"ಇವತ್ತಿಂದ ಬಜ್ಜಿ ಬಂದ್."

"ಮತ್ತೆ ಎಣ್ಣೆ ಯಾಕೆ ಕಾಯಿಸ್ತಿದ್ದೀಯ?"

"ಕಪ್ಪಾಗ್ಲಿ ಅಂತ. ನಾಳೆಗೆ ಇಪ್ಪತ್ತು ಲೀಟರ್ ಬೇಕು ಅಂತ ಹೇಳ್ಯಾರೆ."

"ಹೆಂಗೂ ಕಾದೈತಲ್ಲ, ನನಗೋಸ್ಕರ ಎರಡೇ ಎರಡು ಹಾಕ್ಕೊಡಣ್ಣ."

ಪಾಲಣ್ಣ ಗಾಬರಿಯಿಂದ ಬಾಣಲೆಗೆ ಅಡ್ಡ ನಿಂತ.

"ಬಜ್ಜಿ ಹಾಕಿದ್ರೆ ಅದು ಎಣ್ಣೆ ಕುಡೀತೈತಲೇ! ಆ ನಷ್ಟ ಯಾರಪ್ಪ ತಡ್ಕೋತಾರೆ?"