ಅಳಿಯಂದಿರ ಗೇರ್‌ಬಾಕ್ಸು

ಎಲ್ಲ ಶುರುವಾದದ್ದು ಬೆಳಿಗ್ಗೆ ಬಂದ ಮಾವನ ಫೋನಿನಿಂದ.

"ಅಳಿಯಂದಿರೇ, ಸಂಜೆ ಬಸ್ಸಿಗೆ ಬರ್ತಿದೀನಿ. ನಮ್ಮ ಹಳೇ ಮೋಟಾರ್‌ಸೈಕಲ್ ತಗೊಂಡೇ ಬಸ್‌ಸ್ಟ್ಯಾಂಡಿಗೆ ಬನ್ನಿ. ಹಿಂದೆ ಕೂತು ಬರೋ ಆಸೆ. ಗೇರ್‌ಬಾಕ್ಸು, ಕ್ಲಚ್ಚು ಎರಡರದ್ದೂ ಆಯಿಲ್ ಎಷ್ಟಿದೆ ಅಂತ ನೋಡ್ತಿರ್ತೀರಿ ತಾನೆ?"

"ಏನ್ ಮಾವ ಹೀಗ್ ಕೇಳ್ತೀರಾ! ಎಲ್ಲ ನನ್ನ ಕೈಯಾರೆ ನೋಡ್ಕೋತೀನಿ. ಬೇರೆಯವರಿಗೆ ಮುಟ್ಟೋಕೇ ಬಿಡಲ್ಲ."

ಇದರಲ್ಲಿ ಕೊನೆಯ ಮಾತು ನಿಜ. ಬೇರೆಯವರು ಯಾರೂ ಮುಟ್ಟಿರಲಿಲ್ಲ. ಈ ಅಳಿಯಂದಿರೂ ಮುಟ್ಟಿರಲಿಲ್ಲ.

ಇವರದು ಕನ್ನಡಕದ ಅಂಗಡಿ. ಬೀದಿಯವರ ಬಾಯಲ್ಲಿ ಇವರು 'ಕನ್ನಡಕದವರು'. ಮೂವರು ಗಂಡುಮಕ್ಕಳಿದ್ದರೂ ಮಾವ ತಮ್ಮ ಪ್ರಾಣದಂಥ ಮೋಟಾರ್‌ಸೈಕಲನ್ನು ಈ ಅಳಿಯನ ಕೈಗೇ ಒಪ್ಪಿಸಿದ್ದರು. ಆ ಹೆಮ್ಮೆಯಲ್ಲಿ ಕನ್ನಡಕದವರು ನಡೆಯುವಾಗಲೂ ಹ್ಯಾಂಡಲ್ ಹಿಡಿದವರಂತೆ ತೋಳು ಅಗಲಿಸಿಕೊಂಡೇ ನಡೆಯುತ್ತಿದ್ದರು. ಗಾಜು ಒರೆಸುವ ಮೆತ್ತನೆ ಬಟ್ಟೆಯಿಂದ ದಿನವೂ ಟ್ಯಾಂಕು ಒರೆಸುತ್ತಿದ್ದರು. ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದಿತ್ತು. ಆದರೆ ಟ್ಯಾಂಕಿನಿಂದ ಕೆಳಗಿನದೆಲ್ಲ ಅವರ ಪಾಲಿಗೆ ಪರದೇಶ.

"ರೀ, ಸುಮ್ನೆ ಮೆಕ್ಯಾನಿಕ್ಕನ್ನ ಕರೀರಿ," ಎಂದಳು ಹೆಂಡತಿ.

"ನನ್ನ ಗಾಡಿಗೆ ಮೆಕ್ಯಾನಿಕ್ಕೇ? ಸಾಸಿವೆಯಷ್ಟು ಸ್ಕ್ರೂ ಬಿಗಿಯೋ ಕೈ ಕಣೇ ಇದು!"

ಆ ಕೈಯಲ್ಲಿ ಸ್ಪ್ಯಾನರು, ಆಯಿಲ್ ಡಬ್ಬಿ ಹಿಡಿದು ಅಂಗಳಕ್ಕಿಳಿದರು. ಗಾಡಿ ಸೈಡ್‌ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿ ನಿಂತಿತ್ತು. ಬಲಗಡೆ ಗೇರ್‌ಬಾಕ್ಸಿನ ಮೈಮೇಲೊಂದು ಪುಟ್ಟ ಸ್ಕ್ರೂ. ಅದನ್ನು ಬಿಚ್ಚಿದಾಗ ಆಯಿಲ್ ಜಿನುಗಿದರೆ ಸಾಕಷ್ಟಿದೆ, ಜಿನುಗದಿದ್ದರೆ ಸಾಲದು ಎಂದು ಮಾವ ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಬಿಚ್ಚಿದರು. ಒಂದು ತೊಟ್ಟೂ ಬರಲಿಲ್ಲ.

"ಒಣಗಿ ಹೋಗಿದೆ!" ಎಂದು ಮೇಲಿಂದ ದನಿ ಬಂತು. ಮಹಡಿ ಮನೆಯ ರಿಟೈರ್ಡ್ ರೈಲ್ವೆ ಗಾರ್ಡು ಆಗಲೇ ಮೆಟ್ಟಿಲಿಳಿಯುತ್ತಿದ್ದರು. "ಸುರೀರಿ. ಜಿಪುಣತನ ಮಾಡ್ಬೇಡಿ. ನಾನು ಆಯುಷ್ಯವೆಲ್ಲಾ ಇಂಜಿನ್ನಿನ ಜೊತೆ ಕಳೆದವನು."

ಗಾರ್ಡು ಕೂರುವುದು ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಎಂಬುದು ಆ ಗಡಿಬಿಡಿಯಲ್ಲಿ ಕನ್ನಡಕದವರಿಗೆ ಹೊಳೆಯಲಿಲ್ಲ. ಮೇಲಿನ ಮುಚ್ಚಳ ತೆಗೆದು ಸುರಿದರು. ಗೇರ್‌ಬಾಕ್ಸು ಬಿಸಿಲಲ್ಲಿ ಬಂದ ನೆಂಟನಂತೆ ಗಟಗಟ ಕುಡಿಯಿತು. ಕೊನೆಗೂ ತೂತಿನಲ್ಲಿ ಒಂದು ಹನಿ ಇಣುಕಿದಾಗ ಇಬ್ಬರೂ ಕೈ ಕುಲುಕಿಕೊಂಡರು.

ಅಷ್ಟರಲ್ಲಿ ಪಕ್ಕದ ಮನೆಯ ಸಂಗೀತದ ಟೀಚರ್ ಕಾಂಪೌಂಡಿನಾಚೆಯಿಂದ, "ಅಲ್ಲ, ಗಾಡಿ ಹಾಗೆ ಸೊಟ್ಟಗೆ ನಿಂತಿದ್ರೆ ಒಳಗಿರೋದು ಗೊತ್ತಾಗುತ್ತಾ? ನೆಟ್ಟಗೆ ನಿಲ್ಲಿಸಿ ನೋಡ್ಬಾರದಾ?" ಎಂದರು.

ನೆಟ್ಟಗೆ ಎತ್ತಿದ್ದೇ ತಡ, ತೂತಿನಿಂದ ಆಯಿಲ್ ನಲ್ಲಿಯಂತೆ ಚಿಮ್ಮಿ ಕನ್ನಡಕದವರ ಬಿಳಿ ಅಂಗಿ, ಮೀಸೆ, ಕನ್ನಡಕ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿತು. ಗಾರ್ಡು ಮಾತ್ರ ಹಿಂದೆ ಹಾರಿ ಪಾರಾದರು.

"ಹೆಚ್ಚಿದ್ದದ್ದು ಹೋಯ್ತು, ಒಳ್ಳೇದೇ ಆಯ್ತು," ಎಂದು ಅವರೇ ಸಮಾಧಾನ ಹೇಳಿ, "ಈಗ ಕ್ಲಚ್ಚು," ಎಂದರು.

ಸ್ಕ್ರೂ ಬಿಗಿದು, ಗಾಡಿಯನ್ನು ಮತ್ತೆ ವಾಲಿಸಿ, ಎಡಗಡೆಯ ಕ್ಲಚ್ಚಿನ ಸ್ಕ್ರೂ ಬಿಚ್ಚಿದರು. ಇಲ್ಲಿ ಆಯಿಲ್ ತಾನಾಗಿಯೇ ಧಾರೆಯಾಗಿ ಇಳಿಯಿತು.

"ಥೂ, ನೀರಾಗಿದೆ! ಕೆಟ್ಟಿದೆ ಇದು," ಎಂದು ಗಾರ್ಡು ಮೂಗು ಮುರಿದರು. "ಗೇರ್‌ಬಾಕ್ಸಿಗೆ ಹಾಕಿದ ಗಟ್ಟಿ ಆಯಿಲ್ಲನ್ನೇ ಹಾಕಿ. ಎರಡೂ ಒಂದೇ ಗಾಡೀದು ತಾನೆ?"

ಕ್ಲಚ್ಚಿಗೆ ತೆಳು ಆಯಿಲ್ಲೇ ಬೇಕು, ಗಟ್ಟಿಯದು ಹಾಕಿದರೆ ಒಳಗಿನ ತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದೆಲ್ಲ ಒಳಗೆ ಹೋಯಿತು.

ಬಸ್ಸಿನ ಹೊತ್ತಾಯಿತು. ಕನ್ನಡಕದವರು ಗಾಡಿ ಏರಿ ಕಿಕ್ ಹೊಡೆದರು. ಇಂಜಿನ್ನು ಗುಡುಗಿತು. "ಆಹಾ, ಏನು ಶ್ರುತಿ!" ಎಂದರು ಸಂಗೀತದ ಟೀಚರ್. ಕನ್ನಡಕದವರು ಎದೆಯುಬ್ಬಿಸಿ, ಕ್ಲಚ್ ಹಿಡಿದು, ಗೇರ್ ಹಾಕಿದರು.

ಕ್ಲಚ್ ಹಿಡಿದೇ ಇದ್ದರು. ಗಾಡಿ ಮಾತ್ರ ಹೊರಟೇಬಿಟ್ಟಿತು. ಸವಾರನನ್ನು ಹೊತ್ತು ಅಂಗಳಕ್ಕೆ ಅಡ್ಡಲಾಗಿ ನುಗ್ಗಿ, ಬಟ್ಟೆ ಒಣಹಾಕಿದ್ದ ಹಗ್ಗ ಕಿತ್ತು, ಗಾರ್ಡರ ಮನೆಯ ಹೂವಿನ ಬೆಡ್‌ಶೀಟನ್ನು ತಲೆಯಿಂದ ಬಾಲದವರೆಗೆ ಹೊದ್ದು, ಗೇಟಿನ ಪಕ್ಕದ ಮರಳುಗುಡ್ಡೆಗೆ ಮೂತಿಯಿಟ್ಟು ಆಫ್ ಆಯಿತು. ಶೀಟಿನಡಿಯಿಂದ ಕನ್ನಡಕದವರು ತೆವಳಿ ಹೊರಬಂದರು. ಮೂಳೆ ಮುರಿಯದಿದ್ದರೂ ಮನಸ್ಸು ಮುರಿದಿತ್ತು. ಎಷ್ಟು ಕಿಕ್ ಹೊಡೆದರೂ ಗಾಡಿ ಉಸಿರೆತ್ತಲಿಲ್ಲ. ಬಸ್ಸು ಬಂದು ಹೋಗಿರಬೇಕು. ಮಾವನಿಗೆ ಇನ್ನು ಯಾವ ಮುಖ ತೋರಿಸುವುದು? ಇದ್ದ ಒಂದು ಮುಖವೂ ಆಯಿಲ್ಲಿನಡಿ ಕಾಣುತ್ತಿರಲಿಲ್ಲ.

ಆಗಲೇ ಬೀದಿಯ ತಿರುವಿನಲ್ಲಿ ಗುಡುಗುಡು ಸದ್ದಾಯಿತು. ಒಂದರ ಹಿಂದೊಂದು ಹಳೇ ಮೋಟಾರ್‌ಸೈಕಲ್ಲುಗಳು. ಒಂದೊಂದರ ಮೇಲೂ ಒಬ್ಬ ನರೆತ ಮೀಸೆಯ ಹಿರಿಯರು. ಮೊದಲನೆಯದರ ಹಿಂದೆ ಚೀಲ ತಬ್ಬಿ ಮಾವ ಕೂತಿದ್ದರು.

ಮಾವ ಇಳಿದು, ಶೀಟು ಹೊದ್ದ ಗಾಡಿಯನ್ನೂ ಎಣ್ಣೆಯಲ್ಲಿ ಅದ್ದಿ ತೆಗೆದಂತಿದ್ದ ಅಳಿಯನನ್ನೂ ನೋಡಿದರು. ಕನ್ನಡಕದವರು ತಲೆ ತಗ್ಗಿಸಿದರು.

"ನೋಡ್ರಪ್ಪಾ!" ಮಾವ ಜೊತೆಗೆ ಬಂದ ಹಿರಿಯರತ್ತ ತಿರುಗಿದರು. "ನಾನು ಹೇಳಿರ್ಲಿಲ್ವಾ? ಮಾವ ಬರೋದನ್ನೂ ಮರೆತು ಗಾಡಿ ಆರೈಕೇಲಿ ಮುಳುಗಿಬಿಟ್ಟಿದಾರೆ. ಧೂಳು ಕೂರಬಾರದು ಅಂತ ಹೊಸಾ ಬೆಡ್‌ಶೀಟು ಬೇರೆ ಹೊದಿಸಿದಾರೆ! ನನ್ನ ಮೂರು ಗಂಡುಮಕ್ಕಳಲ್ಲಿ ಒಬ್ಬನಾದ್ರೂ ಇಷ್ಟು ಮಾಡ್ತಿದ್ನಾ?"

ಹಿರಿಯರೆಲ್ಲ ಹೌದು ಹೌದೆಂದು ತಲೆದೂಗಿದರು.

"ಇವರೆಲ್ಲ ನನ್ನ ಹಳೇ ಗೆಳೆಯರು. ನಮ್ಮ ಗಾಡಿ ನೋಡೋಕೆ ಅಂತ ಬಸ್‌ಸ್ಟ್ಯಾಂಡಿಗೆ ಬಂದಿದ್ರು. ನೀವು ಬರ್ಲಿಲ್ಲ, ಇವರೇ ಕರ್ಕೊಂಡು ಬಂದ್ರು. ದಾರೀಲಿ ನಿಮ್ಮ ಕೈಚಳಕ ಹೇಳ್ತಾ ಒಂದು ಮಾತು ಕೊಟ್ಟುಬಿಟ್ಟೆ ಅಳಿಯಂದಿರೇ. ಇವರ ಗಾಡಿಗಳದ್ದೂ ಗೇರ್‌ಬಾಕ್ಸು, ಕ್ಲಚ್ಚು ನೀವೇ ನೋಡಿಕೊಡ್ತೀರಿ ಅಂತ."

"ನಂದು ಗೇರ್ ಹಾಕಿದ್ರೆ ಕೆಮ್ಮುತ್ತಪ್ಪ," ಎಂದರು ಒಬ್ಬರು.

"ನಂದು ಇಪ್ಪತ್ತು ವರ್ಷದಿಂದ ಯಾರ ಕೈಗೂ ಕೊಟ್ಟಿಲ್ಲ. ನಿಮ್ಮ ಮೇಲೆ ನಂಬಿಕೆ," ಎಂದರು ಇನ್ನೊಬ್ಬರು.

ಕನ್ನಡಕದವರ ಗಂಟಲಿನವರೆಗೆ ನಿಜ ಬಂತು. ಬಾಯಿಯನ್ನೂ ತೆರೆದರು. ಆದರೆ ಮಾವ ತೋಳು ಬಳಸಿ ಪಕ್ಕದಲ್ಲೇ ನಿಂತಿದ್ದರು. ಬಾಗಿಲಲ್ಲಿ ಹೆಂಡತಿ, ಮದುವೆಯಾದಾಗಿನಿಂದ ಒಮ್ಮೆಯೂ ನೋಡದ ರೀತಿಯಲ್ಲಿ, ಇವರನ್ನೇ ನೋಡುತ್ತಿದ್ದಳು. ಬೀದಿಗೆ ಬೀದಿಯೇ ಕಾಂಪೌಂಡಿನ ಮೇಲೆ ಕತ್ತು ಚಾಚಿತ್ತು. ಎಣ್ಣೆ ತೊಟ್ಟಿಕ್ಕುವ ಅಂಗಿಯೊಳಗೆ ಎದೆ ತಾನಾಗಿಯೇ ಉಬ್ಬತೊಡಗಿತು.

ಅವರು ಸ್ಪ್ಯಾನರನ್ನು ಅಂಗಿಗೆ ಒರೆಸಿಕೊಂಡು, ಕನ್ನಡಕ ಸರಿಪಡಿಸಿಕೊಂಡು ಕೇಳಿದರು:

"ಸರಿ, ಮೊದಲು ಯಾರದ್ದು?"