ಅಂಜೂರದ ಕಡ್ಡಿಗೆ ಬೇರು ಬರುವ ತನಕ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದನ್ನು ಸರಿಯಾಗಿ ಹೇಳಲಾರೆ. ಬರೆದು ರೂಢಿಯಿಲ್ಲ. ರೋಣದ ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವವನು ನಾನು. ಬಿಚ್ಚಿದ್ದನ್ನು ಅದೇ ಕ್ರಮದಲ್ಲಿ ಜೋಡಿಸುವುದು ಕೈಗೆ ಬರುತ್ತದೆ, ಮಾತಿಗೆ ಬರುವುದಿಲ್ಲ. ಎಲ್ಲರಿಗೂ ಮೊಬೈಲ್ ಬಂದು ಗಡಿಯಾರದ ಕೆಲಸ ಕಡಿಮೆಯಾದ ವರ್ಷಗಳಲ್ಲಿ ನಾನು ಗಿಡಗಳ ಹಿಂದೆ ಬಿದ್ದೆ. ಹಾಗೆ ಬಿದ್ದವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಸಂಗತಿ ಏನೆಂದು ಮೊದಲು ಹೇಳಬೇಕು. ನನ್ನ ಅಂಗಡಿಯ ಹಿಂದೆ ಬಳೆ ವ್ಯಾಪಾರದವರ ಮನೆ. ಆ ಮನೆಯ ಹಿರಿಯ ಹೆಣ್ಣುಮಗಳನ್ನು ಬಜಾರವೆಲ್ಲ ಚಾಚಿ ಎನ್ನುತ್ತದೆ. ಅವರ ಅಂಗಳದಲ್ಲಿ ಒಂದು ಅಂಜೂರದ ಗಿಡ. ಅದರ ಹಣ್ಣಿನ ರುಚಿ ವಿವರಿಸಲು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಇರಲಿ. ಚಾಚಿಯ ಮಗನಿಗೆ ಬಳೆ ಇಡಲು ಒಂದು ಕೋಣೆ ಬೇಕಾಗಿತ್ತು. ಗೌಂಡಿ ಗೋಡೆಗೆ ದಾರ ಹಿಡಿದರೆ ಅದು ನೆಟ್ಟಗೆ ಗಿಡದ ಬುಡದ ಮೇಲೇ ಹಾಯಿತು.

ಚಾಚಿ ಶರತ್ತು ಹಾಕಿದರು: "ಇದರ ಮರಿ ಬೇರು ಬಿಟ್ಟದ್ದು ನನ್ನ ಕಣ್ಲೆ ನೋಡಬೇಕು. ಅಲ್ಲೀತನಕ ಯಾರರ ಕೊಡ್ಲಿ ಮುಟ್ಟಿದ್ರ ನೋಡ್ರಿ!"

ಮರಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗೌಂಡಿ ಮರುದಿನದಿಂದಲೇ ಅಂಗಡಿಗೆ ಬಂದು ಕೇಳಲು ಶುರು ಮಾಡಿದ: "ಬಂತೇನ್ರಿ ಬೇರು?"

೧. ಪುಡಿ

ಗಜೇಂದ್ರಗಡದ ಗೊಬ್ಬರದ ಅಂಗಡಿಯಲ್ಲಿ ಕಡ್ಡಿಗೆ ಬೇರು ಬರಿಸುವ ಪುಡಿ ಸಿಗುತ್ತದೆ ಎಂದು ಕೇಳಿ ಬಸ್ಸು ಹತ್ತಿದೆ. ಕಡ್ಡಿ ಎಂದರೆ ಗೇಣುದ್ದ ಕತ್ತರಿಸಿದ ಕೊಂಬೆಯ ತುಂಡು. ಅದರ ಬುಡಕ್ಕೆ ಈ ಪುಡಿ ಹಚ್ಚಿ ನೆಡಬೇಕು. ಬೆರಳುದ್ದದ ಡಬ್ಬಿ, ಒಳಗೆ ಬಿಳಿ ಪುಡಿ. ಸತ್ತಂತೆ ಕಾಣುವ ಕಟ್ಟಿಗೆಗೆ 'ಬೇರು ಬಿಡು' ಎಂದು ಹೇಳುವ ಶಕ್ತಿ ಆ ಡಬ್ಬಿಯಲ್ಲಿದೆ ಎಂದು ನೆನೆದು, ಬರುವಾಗ ಬಸ್ಸಿನಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

"ಎಷ್ಟ ಹಚ್ಚಬೇಕ್ರಿ?" ಎಂದು ಅಂಗಡಿಯವನನ್ನು ಕೇಳಿದ್ದೆ. "ಭಾಳ ಬ್ಯಾಡ್ರಿ, ಹಚ್ಚಿ ಝಾಡಿಸಿಬಿಡ್ರಿ" ಎಂದಿದ್ದ. ಅವನು ಜಿಪುಣತನದಿಂದ ಹಾಗೆ ಹೇಳಿದ್ದಾನೆಂದು ನನಗೆ ಅನ್ನಿಸಿತು. ಸ್ವಲ್ಪಕ್ಕೆ ಸ್ವಲ್ಪ ಬೇರು ಬಂದರೆ ಹೆಚ್ಚಿಗೆ ಹೆಚ್ಚು ಬರಬೇಕಲ್ಲ? ಪುಡಿಗೆ ನೀರು ಕಲಸಿ, ಆರು ಕಡ್ಡಿಗಳನ್ನು ಚೆನ್ನಾಗಿ ಹೊರಳಿಸಿ ನೆಟ್ಟೆ. ಎಂಟು ದಿನಕ್ಕೆ ಆರರ ಬುಡವೂ ಕಪ್ಪಗಾಗಿ ಮೆತ್ತಗಾಗಿತ್ತು.

ನಾನು ಅವನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಾಗ ಹೆಂಡತಿ ಬಂದು ನೋಡಿದಳು. "ಮಿರ್ಚಿ ಭಜಿಗತೆ ಹಿಟ್ಟಿನ್ಯಾಗ ಅದ್ದಿದ್ರಿ. ಎಣ್ಣಿಗೆ ಬಿಡೂದೊಂದು ಉಳಿದಿತ್ತು ನೋಡ್ರಿ."

೨. ಜೆಲ್

ನನ್ನ ಹೆಂಡತಿಯ ತಮ್ಮ ನರಗುಂದದಲ್ಲಿದ್ದಾನೆ. ಪುಡಿಗಿಂತ ಜೆಲ್ ಚಲೋ, ಕಡ್ಡಿಗೆ ಅಂಟಿಕೊಂಡು ಕೂರುತ್ತದೆ ಎಂದು ಯಾರಿಂದಲೋ ತಿಳಿದು ಒಂದು ಬಾಟಲಿ ಕಳಿಸಿದ. ನಮ್ಮ ಎರೆ ಮಣ್ಣು ನೀರನ್ನು ಬಹಳ ಹಿಡಿದಿಡುತ್ತದೆ, ಕಡ್ಡಿ ಕೊಳೆಯುತ್ತದೆ. ಅದಕ್ಕೆ ಕೊಣ್ಣೂರಿನ ಹೊಳೆ ಮರಳನ್ನೂ ಒಂದು ಚೀಲ ತರಿಸಿದೆ. ಕೊಯ್ದ ತುದಿಯಿಂದ ಒಸರುವ ಹಾಲು ಆರುವ ತನಕ ಕಾದು, ಜೆಲ್ ಹಚ್ಚಿ, ಮರಳಲ್ಲಿ ನಾಲ್ಕು ಕಡ್ಡಿ ನೆಟ್ಟೆ.

ಮೂರು ವಾರದ ಮೇಲೆ ಒಂದನ್ನು ಮೆಲ್ಲಗೆ ಎತ್ತಿ, ಗಡಿಯಾರದ ಸಣ್ಣ ಭಾಗಗಳನ್ನು ದೊಡ್ಡದಾಗಿ ತೋರಿಸುವ ಭಿಂಗವನ್ನು ಕಣ್ಣಿಗೆ ಹಾಕಿಕೊಂಡು ನೋಡಿದೆ. ತೊಗಟೆ ಬಿರಿದು ಸಾಸಿವೆಯಷ್ಟು ಬಿಳಿ ಮೊಗ್ಗುಗಳು ಹೊರಗೆ ಇಣುಕುತ್ತಿದ್ದವು. ಎಷ್ಟೋ ವರ್ಷದಿಂದ ನಿಂತ ಗಡಿಯಾರಗಳನ್ನು ನಡೆಸಿದ್ದೇನೆ, ಆದರೆ ಅವಕ್ಕೆ ನಾನು ಕೀಲಿ ಕೊಟ್ಟಿರುತ್ತೇನೆ. ಇದಕ್ಕೆ ಯಾರು ಕೊಟ್ಟರು?

ತಪ್ಪಾದದ್ದು ಇಲ್ಲಿಯೇ. ಸುದ್ದಿ ಹಬ್ಬಿತು, ಜನ ಬಂದರು. ಬಂದವರಿಗೆ ಚಹಾ ಕೊಡದೆ ಕಳಿಸುವುದು ನಮ್ಮಲ್ಲಿಲ್ಲ. ಹಾಗೆಯೇ ಬೇರು ನೋಡಲು ಬಂದವರಿಗೆ ಬೇರು ತೋರಿಸದೆ ಹೇಗೆ ಕಳಿಸಲಿ? ಒಂದೊಂದು ಚಹಾಕ್ಕೆ ಒಂದೊಂದು ಸಲ ಕಡ್ಡಿ ಎತ್ತಿದೆ. ಪುರ್ತಗೇರಿಯಿಂದ ಬಂದ ಹಿರಿಯರೊಬ್ಬರು, "ಇನ್ನೊಮ್ಮೆ ತೋರಸ್ರಿ, ಕನ್ನಡಕ ಹಾಕ್ಕೋತೀನಿ" ಎಂದರು. ಎರಡನೆಯ ಸಲವೂ ಎತ್ತಿದೆ. ವಾರದಲ್ಲಿ ನಾಲ್ಕೂ ಕಡ್ಡಿಗಳ ಬೇರು ಉದುರಿ, ಉಳಿದದ್ದು ಬರೀ ಕಟ್ಟಿಗೆ.

ಗೌಂಡಿ ಚಾಚಿಯ ಹತ್ತಿರ ನನ್ನ ಪರವಾಗಿ ವಾದಿಸಿದ. "ಬೇರು ಬಂದಿದ್ದು ಖರೇರಿ ಚಾಚಿ, ಊರ ಮಂದಿ ನೋಡ್ಯಾರ. ಇನ್ನ ಗಿಡ ಕಡೀಲೇನ್ರಿ?"

ಚಾಚಿ ಹೇಳಿದರು: "ಹೋದ ಬಸ್ಸಿನ ಧೂಳ ತೋರಿಸಿ, ಹತ್ತು ಅಂತೀಯೇನೋ?"

೩. ಕರಿ ಬಟ್ಟೆ

ಈ ಸಲ ಕಡ್ಡಿ ಎತ್ತದೆ ಬೇರು ನೋಡಬೇಕೆಂದು ಗಾಜಿನ ಭರಣಿಯಲ್ಲಿ ಮರಳು ತುಂಬಿದೆ. ಜೆಲ್ ಹಚ್ಚಿದ ಒಂದೇ ಕಡ್ಡಿ, ಗಾಜಿಗೆ ಒತ್ತಿ ನೆಟ್ಟದ್ದು. ಬೇರಿಗೆ ಬೆಳಕು ಆಗುವುದಿಲ್ಲವಾದ್ದರಿಂದ ಮೇಲೆ ಕರಿ ಬಟ್ಟೆ ಮುಚ್ಚಿದೆ. ಮುಟ್ಟುವವರಿಂದ ದೂರವಿರಲೆಂದು ಭರಣಿಯನ್ನು ಗೋಡೆಯಲ್ಲಿನ ಎತ್ತರದ ಮಾಡದಲ್ಲಿಟ್ಟೆ. ದಿನಾ ಮುಂಜಾನೆ ಅಂಗಡಿ ತೆರೆದು, ಕಾಲುಮಣೆ ಹತ್ತಿ, ಬಟ್ಟೆ ಸ್ವಲ್ಪ ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಚಮಚೆಯಲ್ಲಿ ನೀರು ಬಿಟ್ಟು, ಮತ್ತೆ ಮುಚ್ಚಿ ಇಳಿಯುತ್ತಿದ್ದೆ.

ಇದನ್ನು ಗಿರಾಕಿಗಳು ನೋಡುತ್ತಿದ್ದರು. ಒಂದು ದಿನ ಮಾಡದಲ್ಲಿ ಒಂದು ದಾಸವಾಳ ಇತ್ತು. ಮರುದಿನ ಮೂರಾದವು. ಇಟಗಿಗೆ ದರ್ಶನಕ್ಕೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಕೈಗಡಿಯಾರದ ಪಟ್ಟಿ ಹಾಕಿಸಿಕೊಂಡು, ಮಾಡಕ್ಕೆ ಕೈಮುಗಿದು, ದನಿ ತಗ್ಗಿಸಿ ಕೇಳಿದಳು: "ಎಮ್ಮಿ ಕಳದು ನಾಲ್ಕ ದಿನ ಆತ್ರಿ. ಯಾವ ದಿಕ್ಕಿಗೆ ಹೋಗೇತಿ, ಕೇಳಿ ಹೇಳ್ರೆಲ್ಲ."

ಅದು ಅಂಜೂರದ ಕಡ್ಡಿ ಎಂದು ಪೂರ್ತಿ ವಿವರಿಸಿದೆ, ಪುಡಿಯಿಂದ ಹಿಡಿದು. ಆಕೆ ಎಲ್ಲ ಕೇಳಿಸಿಕೊಂಡು, "ಹೇಳಬಾರದು ಅಂತ ಇದ್ರ ಬಿಡ್ರಿ" ಎಂದು ಮತ್ತೊಮ್ಮೆ ಕೈಮುಗಿದು ಹೋದಳು.

೪. ಚಾಚಿ ಬೇರು ನೋಡಿದ್ದು

ತಿಂಗಳು ಕಳೆದ ಮೇಲೆ ಬಟ್ಟೆ ಸರಿಸಿದಾಗ ಗಾಜಿನ ಉದ್ದಕ್ಕೂ ಬೇರು. ಗಡಿಯಾರದೊಳಗಿನ ಕೂದಲೆಳೆಯ ಸ್ಪ್ರಿಂಗಿಗಿಂತ ಸಣ್ಣವು, ಹಾಗೆಯೇ ಸುರುಳಿ ಸುತ್ತಿದವು, ಹಾಲಿನಷ್ಟು ಬಿಳಿ. ಭರಣಿ ಎತ್ತಿಕೊಂಡು ಚಾಚಿಯ ಅಂಗಳಕ್ಕೆ ಓಡಿದೆ. ಗೌಂಡಿ ಸುದ್ದಿ ಕೇಳಿ ಕೊಡಲಿ ಹಿಡಿದೇ ಬಂದ. ಮಗ ಇಟ್ಟಿಗೆ ಇಳಿಸಿದ್ದ.

ಚಾಚಿ ಕನ್ನಡಕ ತೆಗೆದು ನನ್ನ ಭಿಂಗ ಹಾಕಿಕೊಂಡರು. ಭರಣಿಯನ್ನು ಸುತ್ತಲೂ ತಿರುಗಿಸಿ ನೋಡಿದರು. ಆಮೇಲೆ, "ಗೇಣುದ್ದ ಕಡ್ಡಿಗೆ ಇಷ್ಟು ಬೇರಾ?" ಎಂದರು.

"ಹೌದ್ರಿ ಚಾಚಿ."

"ಹಂಗಾದ್ರ ಅದಕ್ಕ ಎಷ್ಟಿರಬೇಕು?"

ಗಿಡದ ಕಡೆ ನೋಡಿದರು. ನಾವೂ ನೋಡಿದೆವು. ಆಮೇಲೆ ಎಲ್ಲರೂ ನಿಂತ ನೆಲ ನೋಡಿಕೊಂಡೆವು. ಗೌಂಡಿ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದ.

"ಕಡೀಬ್ಯಾಡ್ರಿ" ಎಂದರು ಚಾಚಿ.

ಮಗ ಹಣೆ ಬಡಿದುಕೊಂಡ. "ಅಮ್ಮೀ, ಬೇರು ನೋಡಿದ ಮ್ಯಾಲೆ ಕಡೀರಿ ಅಂತ ನೀನ ಅಂದಿದ್ದಿ!"

"ಆವಾಗ ನೋಡಿರಲಿಲ್ಲ. ಈಗ ನೋಡೇನಿ."

ಗೌಂಡಿ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟು ನನ್ನನ್ನು ಕೇಳಿದ: "ಯಜಮಾನ್ರ, ಗ್ವಾಡಿ ಬಗ್ಗಸೂ ಜೆಲ್ ಏನರ ಸಿಗತೈತೇನ್ರಿ ನರಗುಂದದಾಗ?"

ಕೊನೆಗೆ ಗೋಡೆಯೇ ಬಗ್ಗಿತು. ಅದು ಹೇಗೆ ಎನ್ನುವುದನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ. ದಾರವು ಮೂಡಣದ ಗೂಟದಿಂದ ನೆಟ್ಟಗೆ ಬಂದು, ಗಿಡ ಎರಡು ಮೊಳ ಇದೆ ಎನ್ನುವಾಗ ಎಡಕ್ಕೆ ತಿರುಗಿ, ಬುಡವನ್ನು ಅರ್ಧಚಂದ್ರದಂತೆ ಬಳಸಿ, ಅಲ್ಲಿಂದ ಮತ್ತೆ... ಇರಿ, ಹಿತ್ತಲ ಕಡೆಯಿಂದ ಚಾಚಿ ಕೂಗುತ್ತಿದ್ದಾರೆ.

"ಏ ತಮ್ಮಾ, ಲಗೂ ಬಾ! ಭಿಂಗ ತಗೊಂಡು ಬಾ! ಬೇರು ನೆಲದ ಫರಸಿ ಎತ್ತಿ ಬಳಿ ಇಡೂ ಕ್ವಾಣ್ಯಾಗ ಬಂದೈತಿ!"