ಐಬು ಮೊದಲು, ಅರ್ಜಿ ಆಮೇಲೆ

ಅರ್ಜಿ ಕಳಿಸುವ ಕಡೆಯ ದಿನ ರಾಯಚೂರಿನ ಆ ಮನೆಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಕಂಪ್ಯೂಟರಿನ ಮುಂದೆ ಸಂಶೋಧನಾ ವಿದ್ಯಾರ್ಥಿನಿ ಶಾಹಿನಾ. ಅವಳ ಹಿಂದೆ ಕೈಕಟ್ಟಿ ನಿಂತವರು ಅವಳ ಪ್ರೊಫೆಸರು, ಅಂದರೆ ನನ್ನ ಸೋದರಮಾವ. ಅಡುಗೆಮನೆ ಬಾಗಿಲಲ್ಲಿ ರೊಟ್ಟಿ ಹಿಟ್ಟು ಮೆತ್ತಿದ ಕೈಯ ಅತ್ತೆ. ಇನ್ನು ನಾನು, “ಲಗೂನ ಬಂದು ನಿಮ್ಮ ಮಾವನ್ನ ಹಿಡಕೋ” ಎಂಬ ಅತ್ತೆಯ ಫೋನಿಗೆ ದೇವದುರ್ಗದಿಂದ ಬಸ್ಸು ಹತ್ತಿ ಬಂದವನು.

ಹಿಡಿದುಕೊಳ್ಳುವಂಥದ್ದು ಏನಾಗಿತ್ತು ಅಂತೀರಾ? ತನ್ನ ಹುಳುಕನ್ನು ತಾನೇ ಟೈಪು ಮಾಡಿಸಿ, ಸಹಿ ಹಾಕಿ, ವಿಶ್ವವಿದ್ಯಾಲಯದ ಸೀಲು ಹೊಡೆಸಿ ದೆಹಲಿಗೆ ಕಳಿಸುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಮನೆತನದಲ್ಲೇ ಹುಟ್ಟಬೇಕೆ!

ತಪ್ಪು ಪೂರ್ತಿ ಅವರದಲ್ಲ, ರಕ್ತದ್ದು. ಗಬ್ಬೂರಿನ ನಮ್ಮ ಅಜ್ಜ ಕುರಿ ಮಾರಲು ಸಂತೆಗೆ ಹೋದರೆ ಬೆಲೆಗಿಂತ ಮೊದಲು ಐಬು ಹೇಳುತ್ತಿದ್ದ. “ಇದರ ಎಡಗಣ್ಣು ಮಂದ ಅದ. ಮಳಿ ಬಂದ್ರ ಕೆಮ್ಮತದ. ಈಗ ಹೇಳು, ಬೇಕೇನು?” ಇಷ್ಟು ದೋಷ ಹೇಳಿದವನು ಉಳಿದದ್ದು ಮುಚ್ಚಿಟ್ಟಿರಲಾರ ಎಂದು ಕೊಳ್ಳುವವನು ಕಣ್ಣುಮುಚ್ಚಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಸಂತೆಯಲ್ಲಿ ನಡೆದದ್ದು ಎಲ್ಲ ಕಡೆ ನಡೆಯುತ್ತದೆಂದು ಮಾವ ನಂಬಿ ಕೂತರು.

ಒಂದು ಕಡೆ ನಡೆಯಿತು ಅನ್ನಿ. ಕುರ್ಡಿಗೆ ಹೆಣ್ಣು ನೋಡಲು ಹೋದಾಗ, ಒಗ್ಗರಣೆ ಮಂಡಾಳಿನ ತಟ್ಟೆ ಕೈಗೆ ಬರುವ ಮೊದಲೇ ಮಾವ ಶುರು ಮಾಡಿದರಂತೆ: “ನಾ ಗೊರಕಿ ಹೊಡಿತೀನ್ರಿ. ಸಿಟ್ಟು ಬೇಗ ಬರ್ತದ. ಬಜಾರಕ್ಕ ಕಳಿಸಿದ್ರ ಬದನಿಕಾಯಿ ಬದಲಿ ಪುಸ್ತಕ ತರ್ತೀನಿ.” ಹೆಣ್ಣಿನ ಅಪ್ಪ ಇಂಥ ಪ್ರಾಮಾಣಿಕ ಅಳಿಯ ಎಲ್ಲಿ ಸಿಕ್ಕಾನೆಂದು ಅಲ್ಲೇ ವೀಳ್ಯ ಕೊಟ್ಟುಬಿಟ್ಟರು. ಅತ್ತೆಯನ್ನು ಕೇಳಿದರೆ ಇವತ್ತಿಗೂ ಹೇಳುವುದು ಒಂದೇ: “ಹೇಳಿದ್ದು ಮೂರು. ಉಳದದ್ದೆಲ್ಲಾ ಮನಿಗೆ ಬಂದ ಮ್ಯಾಲ ಗೊತ್ತಾತು.”

ಆದರೆ ಸಂಶೋಧನೆಗೆ ಹಣ ಕೇಳುವ ಅರ್ಜಿ ಹೆಣ್ಣು ನೋಡುವ ಶಾಸ್ತ್ರವಲ್ಲವಲ್ಲ? ಉಳಿದವರ ಅರ್ಜಿ ಓದಿ ನೋಡಿ. ಇವತ್ತು ಮಂಜೂರು ಮಾಡಿದರೆ ನಾಳೆ ಬೆಳಗಾಗುವುದರೊಳಗೆ ದೇಶದ ದಾರಿದ್ರ್ಯವೆಲ್ಲ ತೊಳೆದುಹೋಗುತ್ತದೆ. ಮಾವನ ಅರ್ಜಿಯ ಮೊದಲ ಪುಟದ ತಲೆಬರಹವೇ ‘ಈ ಯೋಜನೆಯ ದೋಷಗಳು’. ಕೊನೆಯಲ್ಲಿ ‘ಅಡಚಣೆಗಳು ಮತ್ತು ಪರಿಹಾರ’ ಎಂದು ಸರ್ಕಾರದವರೇ ಒಂದು ಅಂಕಣ ಇಟ್ಟಿರುತ್ತಾರೆ. ಅಲ್ಲಿ ಮಾವ ಬರೆಯುತ್ತಿದ್ದುದು: ‘ಅಡಚಣೆಗಳಿಗೆ ಮೊದಲ ಪುಟ ನೋಡಿ. ಪರಿಹಾರ ಇನ್ನೂ ಹೊಳೆದಿಲ್ಲ.’

ಒಮ್ಮೆ ಹೇಗೋ ಸಂದರ್ಶನಕ್ಕೂ ಕರೆದರು. ಕಮಿಟಿಯ ಹಿರಿಯರೊಬ್ಬರು, “ದೋಷ ಹುಡುಕೋದು ನಮ್ಮ ಕೆಲಸ ಸ್ವಾಮಿ, ನೀವ್ಯಾಕೆ ಹೇಳ್ತೀರಿ?” ಎಂದರಂತೆ. ಮಾವ ಬಹಳ ಮರ್ಯಾದೆಯಿಂದ, “ನಿಮಗ್ಯಾಕ್ರಿ ತ್ರಾಸು? ಹುಡುಕಿದ್ರೂ ನಿಮಗ ಅರ್ಧ ಸಿಗ್ತಿದ್ದಿಲ್ಲ” ಎಂದರು. ಯೋಜನೆ ಬೇರೆ ಯಾರಿಗೋ ಹೋಯಿತು. ಮಾವ ಬರುವಾಗ ಪುಸ್ತಕ ಕೊಂಡು ಬಂದರು.

ಅಲ್ಲಿಯವರೆಗೆ ಇದೆಲ್ಲ ನಮಗೆ ನಗೆಯ ಸಂಗತಿ. ಈ ಸಲ ಹಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಮಾನ್ವಿ ಕಡೆಯ ನೆಲ್ಲುಗದ್ದೆಗೆ ಇಳಿಯುತ್ತಾರಲ್ಲ, ಅಲ್ಲಿನ ಹಸಿ ನೆಲದಲ್ಲಿ ಕುರಿಗಳ ಗೊರಸು ಕೊಳೆಯುತ್ತದೆ. ಅದನ್ನು ತಡೆಯುವುದು ಹೇಗೆ ಎಂಬುದೇ ಶಾಹಿನಾಳ ಕೆಲಸ. ಅವಳಿಗೆ ಬರುತ್ತಿದ್ದ ಶಿಷ್ಯವೇತನ ಮುಗಿದಿತ್ತು. ಈ ಯೋಜನೆ ಮಂಜೂರಾದರೆ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಅವಳು ಪೋತ್ನಾಳಕ್ಕೆ ಹೋಗಿ ಅಪ್ಪನ ಚಪ್ಪಲಿ ಅಂಗಡಿಯಲ್ಲಿ ಕೂರಬೇಕು.

ಅರ್ಜಿ ಸಂಜೆ ಐದರೊಳಗೆ ಹೋಗಬೇಕಿತ್ತು. ಊಟದ ಹೊತ್ತು ದಾಟಿದರೂ ಮಾವ ಐಬು ಹೇಳಿ ಬರೆಸುತ್ತಲೇ ಇದ್ದರು. “ಬರಿಯವ್ವಾ. ಒಂದು, ಕುರಿಗಾರರು ಒಂದು ಕಡಿ ನಿಲ್ಲಂಗಿಲ್ಲ, ನಮ್ಮ ಕುರಿ ನಡುವ ಕಾಣಿ ಆಗಬಹುದು. ಎರಡು, ಹಬ್ಬ ಬಂದ್ರ ಕೆಲವು ಕುರಿ ಪಲ್ಯಕ್ಕ ಹೋಗಬಹುದು. ಮೂರು, ಮುಖ್ಯ ಸಂಶೋಧಕಗ ಮೊಣಕಾಲು ನೋವದ, ಗದ್ದಿಗೆ ಇಳಿಯಾಕ ಆಗಂಗಿಲ್ಲ.”

“ಆ ಹುಡುಗಿ ಬದುಕು ಹಾಳ್ ಮಾಡಾಕತ್ತೀರಿ” ಎಂದರು ಅತ್ತೆ.

“ಮಾವಾ, ಒಂದೇ ಒಂದು ಸಲ ಸುಮ್ಮನಿರು” ಎಂದೆ ನಾನು.

“ಲೇ, ಐಬು ಮುಚ್ಚಿ ಕುರಿ ಮಾರಿದ್ರ ನಿಮ್ಮ ಅಜ್ಜ ಸುಮ್ಮನಿರ್ತಿದ್ದನೇನು?”

ಆಗಲೇ ಶಾಹಿನಾಳ ಫೋನು ರಿಂಗಾಯಿತು. ಟೈಪು ಮಾಡುತ್ತಿದ್ದವಳು ಕೆಲಸ ನಿಲ್ಲಿಸದೆ ಸ್ಪೀಕರಿಗೆ ಹಾಕಿದಳು. ಅವಳ ಅಬ್ಬಾ. ಮಗಳ ಜೊತೆ ದಖ್ಖನಿಯಲ್ಲಿ ಎರಡು ಮಾತಾಡಿ, ಮಾವ ಅಲ್ಲೇ ಇದ್ದಾರೆಂದು ತಿಳಿದು ಕನ್ನಡಕ್ಕೆ ಬಂದರು. “ಸರ್, ಇದೊಂದು ಅರ್ಜಿ ನೋಡ್ತೀನ್ರಿ. ಬರಲಿಲ್ಲಂದ್ರ ಮಗಳು ಅಂಗಡ್ಯಾಗ ಕುಂದ್ರಲಿ. ಕುರಿ ಕಾಲು ನೋಡಿದ್ದು ಸಾಕಾತು, ಮಂದಿ ಕಾಲು ನೋಡ್ಲಿ. ಆಕಿ ಅತ್ರೂ ನಾ ಕೇಳಂಗಿಲ್ರಿ.”

ಫೋನಿಟ್ಟು ಶಾಹಿನಾ ಮೂರನೆಯ ಐಬು ಟೈಪು ಮಾಡಿ ಮುಗಿಸಿದಳು.

“ಆ ಪುಟ ತಗದುಬಿಡು” ಎಂದರು ಮಾವ.

ಅತ್ತೆ ಹಿಟ್ಟಿನ ಕೈಯಲ್ಲೇ ಅವರ ಹಣೆ ಮುಟ್ಟಿ ನೋಡಿದರು. “ಆರಾಮ ಅದೀರೇನು?”

“ನನ್ನ ಕುರಿ ಆಗಿದ್ರ ಹೇಳ್ತಿದ್ದೆ. ಇದು ಆಕಿ ಕುರಿ. ಆಕಿ ಕುರಿಗೆ ಐಬು ಹೇಳಾಕ ನಾ ಯಾರು?”

ಹಣೆಯ ಮೇಲೆ ಐದು ಬೆರಳಿನ ಜೋಳದ ಹಿಟ್ಟು ಹೊತ್ತು ನಿಂತ ಆ ಪ್ರೊಫೆಸರನ್ನು ಶಾಹಿನಾ ತಿರುಗಿ ನೋಡಿದಳು. ನಗಲಿಲ್ಲ. “ನನ್ನ ಕುರಿ ಅಂದ್ರಲ್ರಿ ಸರ್? ಹಂಗಾರ ಐಬು ನಾನೇ ಹೇಳ್ತೀನಿ. ಜೊತಿಗೆ ಔಷಧನೂ ಹೇಳ್ತೀನಿ.”

ಮೊದಲ ಪುಟದ ದೋಷಗಳನ್ನೆಲ್ಲ ಎತ್ತಿ ಕೊನೆಯ ಅಂಕಣಕ್ಕೆ ಹಾಕಿದಳು. ಒಂದೊಂದರ ಎದುರಿಗೆ ಪರಿಹಾರ ಬರೆಯುತ್ತ ಹೋದಳು. ಮಾವ ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ನಮಗೆಲ್ಲ ಕೇಳುವಂತೆ ಓದತೊಡಗಿದರು. ಕುರಿಗಾರರು ಒಂದು ಕಡೆ ನಿಲ್ಲುವುದಿಲ್ಲ: ಸಂಶೋಧಕಿ ಹಿಂಡಿನ ಜೊತೆ ನಡೆಯುತ್ತಾಳೆ. ಹಬ್ಬಕ್ಕೆ ಕುರಿ ಕಡಿಮೆಯಾಗಬಹುದು: ಮೊದಲೇ ಅಷ್ಟು ಕುರಿ ಹೆಚ್ಚಿಗೆ ಸೇರಿಸಿಕೊಳ್ಳಲಾಗುವುದು. ಮುಖ್ಯ ಸಂಶೋಧಕರು ಗದ್ದೆಗೆ ಇಳಿಯಲಾರರು: ಅವರು ಬದುವಿನ ಮೇಲೆ ಕೂತಿರಲಿ, ಇಳಿಯಲು ನಾನಿದ್ದೇನೆ.

ಕೊನೆಯ ಸಾಲು ಓದಿದ ಮಾವ ಕನ್ನಡಕ ತೆಗೆದು ಒರೆಸಿಕೊಂಡು, “ಕೊನೀದು ಸರ್ಕಾರಿ ಭಾಷಾದಾಗ ಇಲ್ಲ” ಎಂದರು. ತಿದ್ದಲಿಲ್ಲ.

ಅರ್ಜಿ ಐದಕ್ಕೆ ಸ್ವಲ್ಪ ಮುಂಚೆ ಹೋಯಿತು. ಅತ್ತೆ ಎಲ್ಲರಿಗೂ ಬಿಸಿ ರೊಟ್ಟಿ ಹಾಕಿದರು.

ಯೋಜನೆ ಮಂಜೂರಾಯಿತು. ಸುಗ್ಗಿ ಮುಗಿದ ಮೇಲೆ ಒಂದು ದಿನ ನಾನು ಪೋತ್ನಾಳದ ಹತ್ತಿರ ಬಸ್ಸಿಳಿದು ಅವರನ್ನು ನೋಡಲು ಹೋದೆ. ಮಾವ ಬದುವಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದರು. ಶಾಹಿನಾ ಕೆಸರಿನಲ್ಲಿ ನಿಂತು ಕುರಿಯ ಗೊರಸು ತೊಳೆಯುತ್ತಿದ್ದಳು. ಅವಳ ಅಬ್ಬಾ ಅಂಗಡಿಗೆ ಬೀಗ ಹಾಕಿ ಬಂದು, ಪೈಜಾಮ ಮೊಣಕಾಲಿನವರೆಗೆ ಮಡಚಿ, ಕುರಿ ಒದೆಯದಂತೆ ಅದರ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.